ಬೆಂಕಿ ಮಳೆಗಳ ದ್ವೀಪ

ಹಿಂದೂ ಮಹಾಸಾಗರದ ಪಟವನ್ನು ಮುಂದೆ ಹರಡಿಕೊಂಡು ಆಫ್ರಿಕಾ ಖಂಡದ ಪೂರ್ವಕ್ಕೆ ದೃಷ್ಟಿ ಹಾಯಿಸಿದರೆ ಮೊದಲು ಮಡಗಾಸ್ಕರ್ ಎಂಬ ಬೃಹತ್ ದ್ವೀಪ ಕಾಣುತ್ತದೆ. ಅಲ್ಲಿಂದ ಇನ್ನೂ ಏಳುನೂರು ಕಿಲೋಮೀಟರುಗಳಷ್ಟು ಪೂರ್ವಕ್ಕೆ ಸರಿದರೆ ಸಾಸಿವೆ ಕಾಳಿನಂತಹ ಎರಡು ಚುಕ್ಕೆಗಳಿವೆ. ಅವುಗಳಲ್ಲಿ ಒಂದು, ನಾವು ಹೆಸರು ಕೇಳಿ ಬಲ್ಲ ಮಾರಿಷಸ್. ಅದರ ನೈಋತ್ಯಕ್ಕಿರುವ ಇನ್ನೊಂದರ ಹೆಸರು ರಿಯೂನಿಯನ್. ಫ್ರಾನ್ಸ್ ದೇಶಕ್ಕೆ ಸೇರಿದ ಈ ದ್ವೀಪದ ವಿಸ್ತೀರ್ಣ 2,512 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಯ ಮೂರರಲ್ಲಿ ಎರಡು ಪಾಲೂ ಆಗದು. ಆದರೆ ಇಷ್ಟು ಕಿರಿದಾದ ನೆಲದಲ್ಲಿ 3,070 ಮೀಟರ್ ಎತ್ತರದ ಶಿಖರವಿದೆ. ಇಂದಿಗೂ ಬೆಂಕಿಯುಗುಳುವ ಜ್ವಾಲಾಮುಖಿಯಿದೆ. ಮೋಟಾರು ಎಂದೂ ಕಾಲಿಡದ ಕಣಿವೆಯಿದೆ. ಲೋಕದ ಮಳೆಯ ಹಲವು ದಾಖಲೆಗಳನ್ನು ಮುರಿದ ಬೆಟ್ಟಗಳಿವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರದ ಗಿರಿಯೊಂದು ನಡುಗಡಲಲ್ಲಿ ಎದ್ದು ನಿಂತಿದೆಯೆಂದರೆ ಅದು ಅಲ್ಲಿಗೆ ಬಂದದ್ದಾದರೂ ಹೇಗೆ?

ನಮ್ಮ ಕಣ್ಣಿಗೆ ಕಾಣುವ ರಿಯೂನಿಯನ್ ಒಂದು ಮಹಾಪರ್ವತದ ತುದಿ ಮಾತ್ರ. ಅದರ ಬುಡ ಸಮುದ್ರದ ತಳದಲ್ಲಿ, ಸುಮಾರು ನಾಲ್ಕು ಸಾವಿರ ಮೀಟರ್ ಆಳದಲ್ಲಿದೆ. ಭೂಗರ್ಭದಿಂದ ಉಕ್ಕಿದ ಲಾವಾರಸ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟುತ್ತ ಬಂದು, ಇಪ್ಪತ್ತು ಲಕ್ಷ ವರ್ಷಗಳಿಗೂ ಹಿಂದೆ ನೀರಿನಿಂದ ಮೇಲಕ್ಕೆ ತಲೆಯೆತ್ತಿತು. ಹೀಗೆ ಮೊದಲು ಬೆಳೆದದ್ದು ‘ಪಿತೋಂ ದೆ ನೇಜ್’, ಎಂದರೆ ಹಿಮದ ಶಿಖರ. ಅದು ಈಗ ಆರಿ ತಣ್ಣಗಾಗಿ ಹತ್ತು ಸಾವಿರ ವರ್ಷಗಳೇ ಮೀರಿವೆ. ಅದರ ಆಗ್ನೇಯಕ್ಕೆ ಬೆಳೆದ ಎರಡನೆಯದು ‘ಪಿತೋಂ ದ ಲಾ ಫುರ್ನೇಜ್’, ಕುಲುಮೆಯ ಶಿಖರ. ಇದು ಇನ್ನೂ ಆರಿಲ್ಲ. ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಈ ಕುಲುಮೆಯ ಮೂಲವನ್ನು ಹುಡುಕಿಕೊಂಡು ಹೊರಟರೆ ನಾವು ನಮ್ಮ ನಾಡಿಗೇ ಬಂದು ತಲುಪುತ್ತೇವೆ ಎಂಬುದು ಸೋಜಿಗದ ಸಂಗತಿ. ಹೊಲಿಗೆಯ ಯಂತ್ರದಲ್ಲಿ ಸೂಜಿ ನಿಂತಲ್ಲೇ ನಿಂತು ಮೇಲೆ ಕೆಳಗೆ ಆಡುತ್ತದೆ, ಸರಿಯುವುದು ಬಟ್ಟೆ. ಬಟ್ಟೆ ಸರಿದಂತೆ ಹೊಲಿಗೆಯ ಸಾಲು ಮೂಡುತ್ತದೆ. ಭೂಮಿಯ ಆಳದಲ್ಲಿಯೂ ಹೀಗೆ ಹೆಚ್ಚು ಕದಲದೆ ನಿಂತ ಕಾವಿನ ನೆಲೆಗಳಿವೆ. ಅವುಗಳ ಮೇಲೆ ನೆಲದ ಚಿಪ್ಪು ಬಹು ಮೆಲ್ಲನೆ ಸರಿಯುತ್ತಿರುತ್ತದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಇಂತಹ ಒಂದು ನೆಲೆಯ ಮೇಲೆ ಇದ್ದುದು ನಮ್ಮ ಭರತಖಂಡವೇ. ಆಗ ಉಕ್ಕಿದ ಲಾವಾರಸ ಹರಡಿ ದಖ್ಖನ್ನಿನ ಕಪ್ಪು ಶಿಲೆಯ ಹಾಸಾಯಿತು. ಭರತಖಂಡ ಉತ್ತರಕ್ಕೆ ಸರಿಯುತ್ತ ಹೋದಂತೆ ಆ ಸೂಜಿಯ ಮೊನೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್, ಮಾರಿಷಸ್‌ಗಳ ಅಡಿಗಟ್ಟನ್ನು ಒಂದೊಂದಾಗಿ ಹೊಲಿಯುತ್ತ ಬಂದು ಈಗ ರಿಯೂನಿಯನ್ನಿನ ಕೆಳಗೆ ಇದೆ. ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಿರುವ ಮತ ಇದು. ವಿಜಯಪುರ, ಕಲಬುರಗಿಗಳ ಜೋಳದ ಹೊಲಗಳ ಎರೆಮಣ್ಣು, ಗೋಲಗುಮ್ಮಟವನ್ನು ಕಟ್ಟಿದ ಕರಿಯ ಕಲ್ಲು ಇವೆರಡೂ ಆ ಪ್ರಾಚೀನ ಬೆಂಕಿಯ ಮಕ್ಕಳು. ರಿಯೂನಿಯನ್ನಿನಲ್ಲಿ ಇಂದು ಉಕ್ಕುತ್ತಿರುವುದೂ ಅದೇ ಒಲೆಯ ಬೆಂಕಿ.

ಹುಟ್ಟಿದಾಗ ಈ ದ್ವೀಪದಲ್ಲಿ ಬರಿಯ ಕಲ್ಲಲ್ಲದೆ ಬೇರೇನೂ ಇರಲಿಲ್ಲ. ಇಲ್ಲಿನ ಗಿಡ, ಹಕ್ಕಿ, ಹುಳು, ಮನುಷ್ಯ ಎಲ್ಲವೂ ಹೊರಗಿನಿಂದ ಬಂದವು: ಕೆಲವು ಗಾಳಿಯಲ್ಲಿ ತೇಲಿ, ಕೆಲವು ಅಲೆಯ ಮೇಲೆ, ಕೆಲವು ಹಕ್ಕಿಯ ಹೊಟ್ಟೆಯಲ್ಲಿ, ಕೆಲವು ಹಡಗಿನ ತಳದಲ್ಲಿ. ಮನುಷ್ಯ ಬಂದದ್ದು ಎಲ್ಲರಿಗಿಂತ ಕೊನೆಗೆ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚರು ಇಲ್ಲಿ ನೆಲೆಸುವವರೆಗೆ ದ್ವೀಪ ನಿರ್ಜನವಾಗಿತ್ತು. ಅವರು ಇದನ್ನು ಬೂರ್ಬೋಂ ಎಂದು ಕರೆದರು. ಇಂದಿನ ಹೆಸರು ಬಂದದ್ದು 1793ರಲ್ಲಿ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ. ಮನುಷ್ಯನ ಭಯವನ್ನೇ ಅರಿಯದ ದೈತ್ಯ ಆಮೆಗಳು ಆಗ ಇಲ್ಲಿ ಹಿಂಡುಹಿಂಡಾಗಿದ್ದವು. ಎರಡು ಶತಮಾನ ತುಂಬುವುದರೊಳಗೆ ಒಂದೂ ಉಳಿಯಲಿಲ್ಲ.

1715ರಲ್ಲಿ ಯೆಮನ್ ದೇಶದ ಮೋಕಾ ಬಂದರಿನಿಂದ ಕಾಫಿ ಸಸಿಗಳನ್ನು ಇಲ್ಲಿಗೆ ತಂದರು. ನಮ್ಮ ಬಾಬಾಬುಡನ್ ಗಿರಿಗೆ ಕಾಫಿ ಬಂದುದೂ ಅದೇ ನಾಡಿನಿಂದ ಎಂಬ ಐತಿಹ್ಯವನ್ನು ನೀವು ಕೇಳಿರಬಹುದು. ಕಾಫಿಯ ತೋಟಗಳಲ್ಲಿ ದುಡಿಯಲು ಮಡಗಾಸ್ಕರ್, ಆಫ್ರಿಕಾಗಳಿಂದ ಜನರನ್ನು ಗುಲಾಮರನ್ನಾಗಿ ಹಿಡಿದು ತಂದರು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳದೆ ಈ ದ್ವೀಪದ ಬೆಟ್ಟಗಳನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತಾಗುತ್ತದೆ.

ವಿಮಾನದಲ್ಲಿ ಬರುವ ಪ್ರವಾಸಿ ಇಳಿಯುವುದು ಉತ್ತರ ತೀರದಲ್ಲಿ, ರಾಜಧಾನಿ ಸೇಂಟ್ ಡೆನಿಸ್‌ನ ಬಳಿ. ಒಂಬತ್ತು ಲಕ್ಷದಷ್ಟಿರುವ ಜನರಲ್ಲಿ ಬಹುಪಾಲು ಕರಾವಳಿಯ ಅಂಚಿನಲ್ಲೇ ವಾಸವಾಗಿದ್ದಾರೆ. ಅವರಲ್ಲಿ ಆಫ್ರಿಕಾ, ಮಡಗಾಸ್ಕರ್, ಫ್ರಾನ್ಸ್, ಚೀನಾ ಮೂಲದವರಿರುವಂತೆ ತಮಿಳುನಾಡಿನ ಕಡೆಯಿಂದ ಕೂಲಿಗಾಗಿ ಹೋದವರ ವಂಶದವರೂ ಇದ್ದಾರೆ. ಗೋಪುರವುಳ್ಳ ದೇವಾಲಯಗಳು ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಕಾಣುತ್ತವೆ. ಪಶ್ಚಿಮ ತೀರದಲ್ಲಿ ಹವಳದ ದಿಬ್ಬಗಳಿಂದ ಆವೃತವಾದ ತಿಳಿನೀರಿನ ಕೊಳಗಳಿವೆ, ಬಿಳಿಯ ಮರಳಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ದಕ್ಷಿಣದ ಹಿಮಸಮುದ್ರದಿಂದ ತಿಮಿಂಗಿಲಗಳು ಮರಿಹಾಕಲು ಇತ್ತ ಬರುತ್ತವೆ. ಇವೆಲ್ಲ ಚೆಲುವೇ ಸರಿ. ಆದರೆ ಇಂತಹ ಚೆಲುವು ಬೇರೆ ದ್ವೀಪಗಳಲ್ಲಿಯೂ ಉಂಟು. ನಾವು ಪೂರ್ವಕ್ಕೆ ತಿರುಗಿ, ಅಲ್ಲಿಂದ ಬೆಟ್ಟ ಹತ್ತೋಣ.

ಸೇಂಟ್ ಡೆನಿಸ್‌ನಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಸೇಂಟ್ ಸುಸಾನ್ ಎಂಬ ಊರಿದೆ. ಇಲ್ಲಿ 1829ರಲ್ಲಿ ಗುಲಾಮ ತಾಯಿಯೊಬ್ಬಳಿಗೆ ಎಡ್ಮಂಡ್ ಎಂಬ ಮಗ ಹುಟ್ಟಿದ. ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಗುಲಾಮನಾದುದರಿಂದ ಅವನಿಗೆ ಮನೆತನದ ಹೆಸರಿರಲಿಲ್ಲ, ಶಾಲೆಯೂ ಇರಲಿಲ್ಲ. ಒಡೆಯನಾದ ಬೆಲ್ಲಿಯೆ ಬೋಮಾಂ ಎಂಬುವನಿಗೆ ಸಸ್ಯಗಳಲ್ಲಿ ಆಸಕ್ತಿ. ಅವನ ತೋಟದಲ್ಲಿ ವೆನಿಲ್ಲಾ ಬಳ್ಳಿಯಿತ್ತು. ಮೆಕ್ಸಿಕೊ ಮೂಲದ ಈ ಬಳ್ಳಿ ನಮ್ಮ ಸೀತಾಳೆಯ ವರ್ಗಕ್ಕೆ ಸೇರಿದ್ದು. ದ್ವೀಪಕ್ಕೆ ಅದನ್ನು ತಂದು ಇಪ್ಪತ್ತು ವರ್ಷಗಳಾಗಿದ್ದರೂ ಕಾಯಿ ಕಚ್ಚುತ್ತಿರಲಿಲ್ಲ. ಹೂವಿನೊಳಗೆ ಪರಾಗಕ್ಕೂ ಅದನ್ನು ಸ್ವೀಕರಿಸುವ ಭಾಗಕ್ಕೂ ನಡುವೆ ತೆಳ್ಳನೆಯ ಒಂದು ಪೊರೆ ಅಡ್ಡವಿದೆ. ಮೆಕ್ಸಿಕೊದಲ್ಲಿ ಈ ಕೆಲಸಕ್ಕೆ ಕೀಟಗಳಿದ್ದವು, ಇಲ್ಲಿ ಇರಲಿಲ್ಲ. ಮುಂಜಾನೆ ಅರಳಿದ ಹೂವು ಕೆಲವೇ ಗಂಟೆಗಳಲ್ಲಿ ಬಾಡಿಹೋಗುತ್ತಿತ್ತು. ಬೆಲ್ಜಿಯಂನ ವಿದ್ವಾಂಸನೊಬ್ಬ 1836ರಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿ ತೋರಿಸಿದ್ದನಾದರೂ ಅವನ ವಿಧಾನ ತೋಟದಲ್ಲಿ ಬಳಕೆಗೆ ಬರಲಿಲ್ಲ. 1841ರಲ್ಲಿ ಹನ್ನೆರಡು ವರ್ಷದ ಎಡ್ಮಂಡ್ ಒಂದು ತೆಳು ಕಡ್ಡಿಯಿಂದ ಆ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಪರಾಗವನ್ನು ಅಂಟಿಸಿದ. ಕಾಯಿ ಕಚ್ಚಿತು.

ಸುದ್ದಿ ಹಬ್ಬಿತು. ಅಕ್ಕಪಕ್ಕದ ತೋಟಗಳ ಗುಲಾಮರಿಗೆ ಈ ವಿದ್ಯೆಯನ್ನು ಕಲಿಸಲು ಹುಡುಗನನ್ನು ಕರೆದೊಯ್ದರು. ದ್ವೀಪ ವೆನಿಲ್ಲಾದಿಂದ ಶ್ರೀಮಂತವಾಯಿತು. ಗುಲಾಮ ಹುಡುಗನೊಬ್ಬ ಇದನ್ನು ಕಂಡುಹಿಡಿದನೆಂದು ಒಪ್ಪಲು ಮನಸ್ಸಿಲ್ಲದವರೂ ಇದ್ದರು. ರಿಶಾರ್ ಎಂಬ ಸಸ್ಯಶಾಸ್ತ್ರಜ್ಞ ಆ ಕೀರ್ತಿ ತನ್ನದೆಂದ. ಎಡ್ಮಂಡನ ಪರವಾಗಿ ಪತ್ರ ಬರೆದವನು ಅವನ ಹಳೆಯ ಒಡೆಯನೇ. 1848ರ ಡಿಸೆಂಬರ್ 20ರಂದು ಗುಲಾಮಗಿರಿ ರದ್ದಾದಾಗ ಎಡ್ಮಂಡನಿಗೆ ಬಿಡುಗಡೆ ದೊರೆಯಿತು, ಆಲ್ಬಿಯಸ್ ಎಂಬ ಮನೆತನದ ಹೆಸರು ದೊರೆಯಿತು. ಹಣ ದೊರೆಯಲಿಲ್ಲ. ಕಳವಿನ ಆಪಾದನೆಯ ಮೇಲೆ ಸೆರೆವಾಸವನ್ನೂ ಅನುಭವಿಸಿ, 1880ರಲ್ಲಿ ಅವನು ಬಡವನಾಗಿಯೇ ತೀರಿಕೊಂಡ. ಇಂದು ಮಡಗಾಸ್ಕರಿನಲ್ಲಿಯೂ ನಮ್ಮ ಮಲೆನಾಡಿನ ತೋಟಗಳಲ್ಲಿಯೂ ವೆನಿಲ್ಲಾ ಬೆಳೆಯುವವರು ಹೂವಿನ ಮುಂದೆ ಬೆರಳಾಡಿಸುವ ರೀತಿ ಅವನದೇ.

ಇಲ್ಲಿಂದ ಒಳನಾಡಿಗೆ ತಿರುಗಿದರೆ ನದಿಯ ಕೊರಕಲನ್ನು ಅನುಸರಿಸಿ ಹತ್ತುವ ದಾರಿ ಸಲಾಜಿ ಎಂಬ ಕಣಿವೆಯನ್ನು ಪ್ರವೇಶಿಸುತ್ತದೆ. ದ್ವೀಪದ ನಿಜವಾದ ವೈಭವ ತೊಡಗುವುದು ಇಲ್ಲಿ. ಹಿಮದ ಶಿಖರದ ಸುತ್ತ ಮೂರು ದಿಕ್ಕಿನಲ್ಲಿ ಸಲಾಜಿ, ಮಫಾತ್, ಸಿಲಾವೊಸ್ ಎಂಬ ಮೂರು ಮಹಾಕಣಿವೆಗಳಿವೆ. ಒಂದೊಂದೂ ರಾಕ್ಷಸನೊಬ್ಬ ಕೈಯಿಂದ ತೋಡಿದ ಬೋಗುಣಿಯಂತಿದೆ. ಸುತ್ತಲೂ ಸಾವಿರ ಮೀಟರಿಗೆ ಕಡಿಮೆಯಿಲ್ಲದ ಕಡಿದಾದ ಗೋಡೆ, ನೀರು ಹೊರಬೀಳಲು ಒಂದೇ ಕಿರುದಾರಿ. ಹಳೆಯ ಜ್ವಾಲಾಮುಖಿಯ ಮೈ ಕುಸಿದು, ಕುಸಿದುದನ್ನು ಮಳೆ ಕೊಚ್ಚಿ ಸಾಗಿಸಿ ಈ ಕಣಿವೆಗಳಾದವು. ಬೆಂಕಿ ಲಕ್ಷಾಂತರ ವರ್ಷ ದುಡಿದು ಎತ್ತಿದ ಪರ್ವತವನ್ನು ನೀರು ಲಕ್ಷಾಂತರ ವರ್ಷ ದುಡಿದು ಕೆತ್ತಿದೆ.

ಆ ಮಳೆಯ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆಗ್ನೇಯದ ವಾಣಿಜ್ಯ ಮಾರುತಗಳು ವರ್ಷವಿಡೀ ಕಡಲಿನ ತೇವವನ್ನು ಹೊತ್ತು ತಂದು ಪೂರ್ವದ ಬೆಟ್ಟಗಳಿಗೆ ಡಿಕ್ಕಿ ಹೊಡೆಯುತ್ತವೆ. ಆದುದರಿಂದ ಪೂರ್ವ ದಟ್ಟ ಹಸುರು, ಪಶ್ಚಿಮ ಒಣನೆಲ. ಆಗುಂಬೆಯಲ್ಲಿ ಸುರಿದ ಮೋಡ ಚಳ್ಳಕೆರೆಗೆ ಬರುವಷ್ಟರಲ್ಲಿ ಬರಿದಾಗುವಂತೆಯೇ ಇದು. ದಿಕ್ಕು ಮಾತ್ರ ತಿರುವುಮುರುವು. ಇದರ ಜೊತೆಗೆ ನವೆಂಬರಿನಿಂದ ಏಪ್ರಿಲಿನವರೆಗೆ ಚಂಡಮಾರುತಗಳ ಕಾಲ. 1966ರ ಜನವರಿ 7 ಮತ್ತು 8ರಂದು ಬೀಸಿದ ಚಂಡಮಾರುತದಲ್ಲಿ ಫೋಕ್ ಫೋಕ್ ಎಂಬ ಎತ್ತರದ ತಾಣದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 1,825 ಮಿಲಿಮೀಟರ್ ಮಳೆ ಬಿತ್ತು. ಬೆಂಗಳೂರಿನಲ್ಲಿ ಒಂದು ವರ್ಷ ಪೂರ್ತಿ ಬೀಳುವ ಮಳೆಯ ಸುಮಾರು ಎರಡರಷ್ಟು ಒಂದೇ ದಿನದಲ್ಲಿ! 1980ರಲ್ಲಿ ಇನ್ನೊಂದು ಚಂಡಮಾರುತ ಹದಿನೈದು ದಿನಗಳಲ್ಲಿ ಆರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಸಿತು. 2007ರ ಫೆಬ್ರವರಿಯಲ್ಲಿ ಮೂರೇ ದಿನಗಳಲ್ಲಿ 3,930 ಮಿಲಿಮೀಟರ್ ದಾಖಲಾಯಿತು. ಚಿರಾಪುಂಜಿಗೆ ವರ್ಷದ ಲೆಕ್ಕದಲ್ಲಿ ಹಿರಿಮೆಯಿದ್ದರೆ ದಿನಗಳ ಲೆಕ್ಕದ ಹಿರಿಮೆ ಬಹುಮಟ್ಟಿಗೆ ಈ ದ್ವೀಪದ್ದು.

ಇಷ್ಟು ಮಳೆಯುಂಡ ಸಲಾಜಿಯ ಗೋಡೆಗಳ ಮೇಲೆ ಜಲಪಾತಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದಕ್ಕೆ ‘ಮದುವಣಗಿತ್ತಿಯ ಮುಸುಕು’ ಎಂದು ಹೆಸರು. ದಾರಿಯ ಇಕ್ಕೆಲದಲ್ಲೂ ಚಪ್ಪರ ಹಬ್ಬಿಸಿದ ಬಳ್ಳಿಗಳಲ್ಲಿ ತೂಗುವ ಕಾಯಿ ನಮಗೆ ಹೊಸದಲ್ಲ. ಅದು ನಮ್ಮ ಸಂತೆಯ ಸೀಮೆಬದನೆ. ಈ ಕಣಿವೆಯ ಮುಖ್ಯ ಬೆಳೆಗಳಲ್ಲಿ ಅದೂ ಒಂದು.

ಸಲಾಜಿಯ ಅಂಚಿನ ಕಣಿವೆಬಾಗಿಲನ್ನು ಕಾಲ್ನಡಿಗೆಯಲ್ಲಿ ದಾಟಿದರೆ ಮಫಾತ್. ಇಲ್ಲಿಗೆ ರಸ್ತೆಯಿಲ್ಲ. ಎಂಟುನೂರರ ಒಳಗಿನ ಜನ ಗೋಡೆಗಳ ನಡುವಣ ಪುಟ್ಟಪುಟ್ಟ ಸಮತಟ್ಟುಗಳಲ್ಲಿ ಹಳ್ಳಿ ಕಟ್ಟಿಕೊಂಡಿದ್ದಾರೆ. ಶಾಲೆಯಿದೆ, ಸೌರಶಕ್ತಿಯ ದೀಪವಿದೆ, ಅಂಗಡಿಯಿದೆ. ಅಕ್ಕಿಯ ಮೂಟೆ, ಸಿಮೆಂಟು, ರೋಗಿ ಎಲ್ಲವೂ ಹೆಲಿಕಾಪ್ಟರಿನಲ್ಲಿ ಬರಬೇಕು ಇಲ್ಲವೇ ಹೆಗಲ ಮೇಲೆ. ಅಂಚೆಯವನು ದಶಕಗಳ ಕಾಲ ಕಾಲ್ನಡಿಗೆಯಲ್ಲೇ ಕಾಗದಗಳನ್ನು ಹಂಚಿದ ಸೀಮೆ ಇದು.

ಇಂತಹ ದುರ್ಗಮ ಸ್ಥಳಕ್ಕೆ ಜನ ಏಕೆ ಬಂದರು? ದುರ್ಗಮವಾಗಿದ್ದುದರಿಂದಲೇ ಬಂದರು. ಕರಾವಳಿಯ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಈ ಕಣಿವೆಗಳಲ್ಲಿ ಅಡಗಿದರು. 1723ರ ಕಾನೂನು ಓಡಿಹೋದ ಗುಲಾಮನಿಗೆ ವಿಧಿಸಿದ ಶಿಕ್ಷೆ ಹೀಗಿತ್ತು: ಮೊದಲ ಸಲ ಸಿಕ್ಕಿಬಿದ್ದರೆ ಕಿವಿ ಕತ್ತರಿಸಿ ಹೆಗಲಿಗೆ ಬರೆ, ಎರಡನೆಯ ಸಲ ಮಂಡಿಯ ಹಿಂದಿನ ನರ ಕಡಿದು ಇನ್ನೊಂದು ಹೆಗಲಿಗೆ ಬರೆ, ಮೂರನೆಯ ಸಲ ಮರಣ. ಇದನ್ನು ಬಲ್ಲವರೂ ಓಡಿದರು. ಅವರನ್ನು ಬೇಟೆಯಾಡಲು ಬಹುಮಾನದ ಆಸೆಗೆ ಬಂದೂಕು ಹಿಡಿದ ತಂಡಗಳು ಬೆಟ್ಟ ಹತ್ತಿದವು. ಇಂತಹ ತಂಡದ ನಾಯಕನಾದ ಮುಸ್ಸಾರ್ ಎಂಬುವನ ಕೈಗೆ ಸಿಕ್ಕು 1751ರಲ್ಲಿ ಸತ್ತ ಗುಲಾಮ ನಾಯಕನ ಹೆಸರು ಮಫಾತ್. ಕಣಿವೆಗೆ ಉಳಿದುಕೊಂಡದ್ದು ಆ ಹೆಸರು. ಅದು ಮಡಗಾಸ್ಕರಿನ ಭಾಷೆಯ ಮಾತು, ‘ಕೊಲ್ಲುವಂಥದು’ ಎಂದು ಅದರ ಅರ್ಥ. ಬೇಟೆಗಾರನ ಹೆಸರನ್ನು ಯಾವ ಕಣಿವೆಗೂ ಯಾರೂ ಇಡಲಿಲ್ಲ. ಪ್ರವಾಸಿಗಳು ಇಂದು ‘ಎಂತಹ ರಮಣೀಯ ನೋಟ!’ ಎಂದು ಉದ್ಗರಿಸುವ ಆ ಬಂಡೆಯ ಗೋಡೆಗಳನ್ನು, ಬೆನ್ನ ಹಿಂದೆ ನಾಯಿಗಳ ಬೊಗಳು ಕೇಳುತ್ತಿರುವಾಗ ಬರಿಗಾಲಲ್ಲಿ ಹತ್ತಿದವರ ಕಣ್ಣಿಗೆ ಅವು ಹೇಗೆ ಕಂಡಿರಬಹುದು?

ಮಫಾತಿಗೆ ಇಳಿಯುವ ದಾರಿಯಲ್ಲೇ ಒಂದು ವಿಚಿತ್ರ ವನವಿದೆ. ಗಾಳಿಯ ಹೊಡೆತಕ್ಕೆ ಬಾಗಿ, ನೆಲಕ್ಕೊರಗಿ, ಮತ್ತೆ ತಲೆಯೆತ್ತಿ ಬೆಳೆದ ಮರಗಳು. ಕೊಂಬೆಗಳ ತುಂಬ ಪಾಚಿ. ಜನ ಇವನ್ನು ಬೆಟ್ಟದ ಹುಣಿಸೆ ಎಂಬ ಅರ್ಥದ ಹೆಸರಿನಿಂದ ಕರೆದರೂ ಇವು ಹುಣಿಸೆಯಲ್ಲ, ನಮ್ಮ ರಸ್ತೆ ಬದಿಯ ಅಕೇಶಿಯದ ದಾಯಾದಿಗಳು. ಇದರ ಅತಿ ಹತ್ತಿರದ ಬಂಧು ಇರುವುದು ಆಫ್ರಿಕಾದಲ್ಲಲ್ಲ, ಆಸ್ಟ್ರೇಲಿಯಾದಲ್ಲೂ ಅಲ್ಲ, ಭೂಗೋಳದ ಮತ್ತೊಂದು ಬದಿಯಲ್ಲಿ ಹದಿನೆಂಟು ಸಾವಿರ ಕಿಲೋಮೀಟರ್ ದೂರದ ಹವಾಯಿಯಲ್ಲಿ. ಅಲ್ಲಿನ ಕೋವಾ ಮರದ ಬೀಜವೇ ಹತ್ತು ಲಕ್ಷ ವರ್ಷಗಳಿಗೂ ಹಿಂದೆ ಹೇಗೋ ಇಲ್ಲಿಗೆ ಬಂದು ಬೇರೂರಿತೆಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಬಹುಶಃ ಯಾವುದೋ ಕಡಲಹಕ್ಕಿಯ ಕೆಲಸ. ಒಂದು ಜ್ವಾಲಾಮುಖಿ ದ್ವೀಪದ ಬೀಜ ಎರಡು ಮಹಾಸಾಗರಗಳಲ್ಲಿ ಇನ್ನೊಂದು ಜ್ವಾಲಾಮುಖಿ ದ್ವೀಪವನ್ನೇ ಹುಡುಕಿಕೊಂಡು ಬಂದಂತಿದೆ!

ಮಫಾತಿನ ದಕ್ಷಿಣದ ಕಣಿವೆಬಾಗಿಲನ್ನು ಹತ್ತಿ ಇಳಿದರೆ ಮೂರನೆಯ ಕಣಿವೆ, ಸಿಲಾವೊಸ್. ಇದಕ್ಕೆ ಕರಾವಳಿಯಿಂದ ರಸ್ತೆಯೂ ಇದೆ. ಆ ರಸ್ತೆಗೆ ನಾನೂರಕ್ಕೂ ಹೆಚ್ಚು ತಿರುವುಗಳಿವೆಯೆಂದು ಎಣಿಸಿದವರಿದ್ದಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಿಗೇ ನಿಂಬೆಹಣ್ಣು ಮೂಸುವವರು ಇತ್ತ ಹೋಗದಿರುವುದು ಲೇಸು. ಸಿಲಾವೊಸ್ ಬಿಸಿನೀರಿನ ಬುಗ್ಗೆಗಳಿಗೂ ಮಸೂರ ಬೇಳೆಗೂ ಹೆಸರಾಗಿದೆ. ಹಿಮದ ಶಿಖರವನ್ನು ಹತ್ತುವವರು ಇಲ್ಲಿಂದ ಹೊರಟು, ನಡುವೆ ತಂಗಿ, ಕತ್ತಲಿರುವಾಗಲೇ ತುದಿ ಮುಟ್ಟಿ ಕಡಲಿನಿಂದ ಸೂರ್ಯ ಏಳುವುದನ್ನು ನೋಡುತ್ತಾರೆ.

ಆ ಎತ್ತರದ ಬಂಡೆಗಳ ಬಿಲಗಳಲ್ಲಿ ಗೂಡುಮಾಡುವ ಕಡಲಹಕ್ಕಿಯೊಂದಿದೆ: ಬರೋ ಪೆಟ್ರೆಲ್. ರಿಯೂನಿಯನ್ನಿನ ಪಕ್ಷಿಪ್ರೇಮಿ ಆರ್ಮಾಂ ಬರೋ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ವಿಜ್ಞಾನಿಗಳು ಇದನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ್ದೇ 1960ರ ದಶಕದಲ್ಲಿ. ಲೋಕದಲ್ಲಿ ಇದರ ಗೂಡುಗಳಿರುವುದು ಬಹುಮಟ್ಟಿಗೆ ಈ ಬೆಟ್ಟಗಳ ತಲೆಯ ಮೇಲೆಯೇ. ಏಪ್ರಿಲ್ ತಿಂಗಳ ಸುಮಾರಿಗೆ ಮರಿಗಳು ರಾತ್ರಿ ವೇಳೆಯಲ್ಲಿ ಮೊದಲ ಬಾರಿಗೆ ಗೂಡು ಬಿಟ್ಟು ಸಮುದ್ರದತ್ತ ಹಾರುತ್ತವೆ. ಊರುಗಳ ವಿದ್ಯುದ್ದೀಪಗಳು ಅವುಗಳ ಕಣ್ಣು ಕೋರೈಸಿ ದಾರಿ ತಪ್ಪಿಸುತ್ತವೆ. ಅವು ಬೀದಿಗಳಲ್ಲಿ, ಆಟದ ಬಯಲುಗಳಲ್ಲಿ ಬೀಳುತ್ತವೆ. ಒಮ್ಮೆ ಬಿದ್ದ ಮರಿ ಸಮನೆಲದಿಂದ ಮತ್ತೆ ಮೇಲೇಳಲಾರದು. ನಾಯಿ ಬೆಕ್ಕುಗಳಿಗೆ ತುತ್ತಾಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಅನೇಕ ಊರುಗಳು ರಾತ್ರಿಯ ದೀಪಗಳನ್ನು ಆರಿಸುತ್ತವೆ. ಬಿದ್ದ ಮರಿಯನ್ನು ಕಂಡವರು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಕ್ಷಿಸಂರಕ್ಷಣೆಯ ಸಂಘದವರಿಗೆ ಒಪ್ಪಿಸುತ್ತಾರೆ. ಆರೈಕೆಯ ನಂತರ ಕಡಲ ದಂಡೆಯಿಂದ ಅದನ್ನು ಹಾರಿಬಿಡುತ್ತಾರೆ. ಆಮೆಗಳ ಕಾಲದಲ್ಲಿ ಇಂತಹ ಪೆಟ್ಟಿಗೆ ಹಿಡಿದು ನಿಂತವರು ಯಾರೂ ಇರಲಿಲ್ಲ.

ಇನ್ನು ಕುಲುಮೆಯ ಶಿಖರಕ್ಕೆ ಹೋಗೋಣ. ದ್ವೀಪದ ನಡುವಣ ಎತ್ತರದ ಬಯಲನ್ನು ದಾಟಿ, ದನ ಮೇಯುವ ಹುಲ್ಲುಗಾವಲುಗಳನ್ನು ಹಾದು ದಾರಿ ಹಠಾತ್ತನೆ ಒಂದು ಅಂಚಿಗೆ ಬರುತ್ತದೆ. ಕೆಳಗೆ ಹಸುರಿನ ಸುಳಿವಿಲ್ಲದ ಕೆಂಪು ಕಪ್ಪು ಹರಳುಮಣ್ಣಿನ ವಿಶಾಲ ಬಯಲು. ಹೆಸರು ‘ಮರಳ ಬಯಲು’. ಅದನ್ನು ದಾಟಿದರೆ ಇನ್ನೊಂದು ಅಂಚು, ಅದರಾಚೆಗೆ ಕುದುರೆಯ ಲಾಳದ ಆಕಾರದ ಮಹಾಕುಳಿ. ಐನೂರರಷ್ಟು ಮೆಟ್ಟಿಲಿಳಿದು ಕುಳಿಯ ತಳದಲ್ಲಿ ನಡೆದರೆ ಕಾಲ ಕೆಳಗೆ ಹೆಪ್ಪುಗಟ್ಟಿದ ಲಾವಾರಸ ಕೆಲವೆಡೆ ಹಗ್ಗದ ಸಿಂಬಿಯಂತೆ ಮಡಿಕೆಮಡಿಕೆಯಾಗಿ, ಕೆಲವೆಡೆ ಉತ್ತ ಹೆಂಟೆಯಂತೆ ಒರಟಾಗಿ ಬಿದ್ದಿರುತ್ತದೆ. ನಡುವೆ ಶಿಖರ, 2,632 ಮೀಟರ್.

ಹದಿನೇಳನೆಯ ಶತಮಾನದಿಂದ ಈಚೆಗೆ ಈ ಜ್ವಾಲಾಮುಖಿ ನೂರೈವತ್ತಕ್ಕೂ ಹೆಚ್ಚು ಬಾರಿ ಉಕ್ಕಿದೆ. ಕೆಲವು ವರ್ಷ ಎರಡು ಮೂರು ಸಲ ಉಕ್ಕುವುದುಂಟು. 1992ರಿಂದ 1998ರವರೆಗೆ ಸುಮ್ಮನಿದ್ದುದೂ ಉಂಟು. ಜ್ವಾಲಾಮುಖಿಯೆಂದರೆ 1883ರಲ್ಲಿ ಸಿಡಿದು ಸಹಸ್ರಾರು ಜನರನ್ನು ಕೊಂದ ಕ್ರಕಟೋವಾದಂತೆಯೇ ಇರಬೇಕೆಂದು ನಾವು ಭಾವಿಸುತ್ತೇವೆ. ಇದರ ಸ್ವಭಾವ ಬೇರೆ. ಇಲ್ಲಿನ ಲಾವಾರಸ ತೆಳು. ಅದರೊಳಗಿನ ಅನಿಲ ಸುಲಭವಾಗಿ ಹೊರಬೀಳುವುದರಿಂದ ಸಾಮಾನ್ಯವಾಗಿ ಸಿಡಿಯದೆ ಉಕ್ಕಿ ಹರಿಯುತ್ತದೆ. ಹರಿಯುವುದೂ ಹೆಚ್ಚಾಗಿ ಆ ನಿರ್ಜನ ಕುಳಿಯೊಳಗೇ. ಬೆಟ್ಟದಲ್ಲಿ ಬೆಂಕಿ ಕಂಡಿತೆಂದರೆ ದ್ವೀಪದ ಜನ ಹೆದರಿ ಓಡುವುದಿಲ್ಲ. ಮಕ್ಕಳುಮರಿ ಕಟ್ಟಿಕೊಂಡು, ಬುತ್ತಿ ಹಿಡಿದು, ಜಾತ್ರೆಗೆ ಹೋಗುವಂತೆ ರಾತ್ರಿ ಹೊತ್ತು ನೋಡಲು ಹೋಗುತ್ತಾರೆ.

ಒಮ್ಮೊಮ್ಮೆ ಬೆಂಕಿ ತನ್ನ ಮಿತಿಯನ್ನು ಮೀರುತ್ತದೆ. 1977ರ ಏಪ್ರಿಲಿನಲ್ಲಿ ಕುಳಿಯ ಹೊರಗೆ ಬಿರುಕು ಬಿಟ್ಟು, ಲಾವಾರಸ ಪೂರ್ವ ತೀರದ ಪಿತೋಂ ಸೇಂಟ್ ರೋಸ್ ಎಂಬ ಹಳ್ಳಿಯ ಮೇಲೆ ಇಳಿಯಿತು. ಜನ ಮೊದಲೇ ಊರು ಬಿಟ್ಟಿದ್ದುದರಿಂದ ಪ್ರಾಣಹಾನಿಯಾಗಲಿಲ್ಲ. ಹಲವು ಮನೆಗಳು ಹೋದವು. ಬೆಂಕಿಯ ಹೊಳೆ ಹಳ್ಳಿಯ ಚರ್ಚಿನ ಬಾಗಿಲವರೆಗೆ ಬಂದು, ಹೊಸಿಲನ್ನು ಮುಟ್ಟಿ, ಗೋಡೆಗಳನ್ನು ಬಳಸಿ ಹರಿದು ನಿಂತಿತು. ಕಟ್ಟಡ ಉಳಿಯಿತು. ಇಂದು ಅದರ ಹೆಸರು ‘ಲಾವಾರಸದ ಮಾತೆ’ಯ ಚರ್ಚು. ಭಕ್ತರು ಇದನ್ನು ಪವಾಡವೆಂದರು. ಸರ್ಕಾರ ಎಚ್ಚರಗೊಂಡು ಬೆಟ್ಟದ ಮೇಲೆ ಒಂದು ವೀಕ್ಷಣಾಲಯವನ್ನು ಕಟ್ಟಿಸಿತು. 1979ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಉಪಕರಣಗಳು ನೆಲದ ಸಣ್ಣ ನಡುಕವನ್ನೂ, ಕೂದಲೆಳೆಯಷ್ಟು ಉಬ್ಬುವುದನ್ನೂ ಹಗಲಿರುಳು ಅಳೆಯುತ್ತವೆ. ಉಕ್ಕುವ ಸೂಚನೆ ಸಿಕ್ಕಿದೊಡನೆ ಕುಳಿಯ ದಾರಿಯನ್ನು ಮುಚ್ಚುತ್ತಾರೆ.

2007ರ ಏಪ್ರಿಲಿನಲ್ಲಿ ಬಂದದ್ದು ಈ ಶತಮಾನದಲ್ಲಿ ಇಲ್ಲಿ ಕಂಡ ಅತಿ ದೊಡ್ಡ ಉಕ್ಕು. ಬೆಟ್ಟದ ಒಡಲಿನ ಲಾವಾರಸ ತಪ್ಪಲಿನಲ್ಲಿ ಹೊರಬಿದ್ದು ಬರಿದಾದಂತೆ, ಶಿಖರದ ಬಾಯಿಯ ತಳ ಮುನ್ನೂರು ಮೀಟರಿಗೂ ಹೆಚ್ಚು ಕುಸಿದುಹೋಯಿತು. ಲಾವಾರಸ ಹೆದ್ದಾರಿಯನ್ನು ಮುಳುಗಿಸಿ ಸಮುದ್ರಕ್ಕೆ ಧುಮುಕಿ ಉಗಿಯ ಪರ್ವತವನ್ನೇ ಎಬ್ಬಿಸಿತು. ಎಂದೂ ಬೆಳಕು ಕಾಣದ ಆಳದ ಮೀನುಗಳು ಸತ್ತು ತೇಲಿದವು. ಸಂಶೋಧಕರು ಅವುಗಳನ್ನು ಆಯ್ದು ತೆಗೆದುಕೊಂಡರು. ದ್ವೀಪಕ್ಕೆ ಒಂದಿಷ್ಟು ಹೊಸ ನೆಲ ಸೇರಿತು. ಹೆದ್ದಾರಿಯನ್ನು ಆ ಕಲ್ಲಿನ ಮೇಲೆಯೇ ಮತ್ತೆ ಹಾಸಿದರು. ಬಹಳ ವರ್ಷಗಳವರೆಗೆ, ಮಳೆ ಬಿದ್ದಾಗಲೆಲ್ಲ, ಆ ಕಲ್ಲು ಹೊಗೆಯಾಡುತ್ತಿತ್ತು.

ಈ ಪೂರ್ವ ತೀರದ ರಸ್ತೆಯೇ ಇಡೀ ದ್ವೀಪದಲ್ಲಿ ಅತ್ಯಂತ ಬೋಧಪ್ರದವಾದ ಸ್ಥಳವೆಂದು ನನ್ನ ಅಭಿಪ್ರಾಯ. 2010ರಲ್ಲಿ ಯುನೆಸ್ಕೊ ಸಂಸ್ಥೆ ದ್ವೀಪದ ಶೇಕಡ 40ರಷ್ಟು ಭಾಗವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದುದರ ಔಚಿತ್ಯವೂ ಇಲ್ಲಿ ತಿಳಿಯುತ್ತದೆ. ಲಾವಾರಸ ದಾಟಿದ ಜಾಗಗಳಲ್ಲಿ ಆ ಉಕ್ಕಿನ ಇಸವಿಯನ್ನು ಬರೆದ ಫಲಕಗಳನ್ನು ನೆಟ್ಟಿದ್ದಾರೆ. ಹೊಸ ಇಸವಿಯಿಂದ ಹಳೆಯ ಇಸವಿಗೆ ನಡೆಯುತ್ತ ಹೋದರೆ ಬರಿಗಲ್ಲು ಕಾಡಾಗುವ ಬಗೆಯನ್ನು ಪುಟ ತಿರುವಿದಂತೆ ಓದಬಹುದು. ಮೊದಲು ಬರುವುದು ಬೂದುಬಣ್ಣದ ಕಲ್ಲುಹೂವು. ಉಕ್ಕು ಆರಿದ ಕೆಲವೇ ವರ್ಷಗಳಲ್ಲಿ ಅದು ಕರಿಯ ಬಂಡೆಗೆ ಬೆಳ್ಳಿಯ ಮುಲಾಮು ಹಚ್ಚಿದಂತೆ ಹಬ್ಬುತ್ತದೆ. ಬಿರುಕುಗಳಲ್ಲಿ ಜರಿಗಿಡಗಳು ತಲೆಯೆತ್ತುತ್ತವೆ. ಅವು ಸತ್ತು ಕೊಳೆತ ಹಿಡಿ ಮಣ್ಣಿನಲ್ಲಿ ಪೊದೆಗಳು, ಪೊದೆಗಳ ನೆರಳಿನಲ್ಲಿ ಮರದ ಸಸಿಗಳು. ಮಳೆ ಧಾರಾಳವಾಗಿರುವುದರಿಂದ ಕೆಲಸ ಬೇಗ ಸಾಗುತ್ತದೆ; ಬೇಗವೆಂದರೂ ಮುನ್ನೂರು ನಾನೂರು ವರ್ಷ ಬೇಕು. ಆ ವೇಳೆಗೆ ಹೊಸ ಲಾವಾರಸ ಇಳಿದು ಬಂದರೆ ಮತ್ತೆ ಮೊದಲಿನಿಂದ ಪ್ರಾರಂಭ.

ಅಂತಹ ಹಳೆಯ ಹರಿವಿನ ಮೇಲೆ ಬೆಳೆದ ಕಾಡಿನಂಚಿನಲ್ಲಿ, ಸೇಂಟ್ ರೋಸ್ ಮತ್ತು ಸೇಂಟ್ ಫಿಲಿಪ್ ಊರುಗಳ ನಡುವೆ, ಮರಗಳ ಬುಡಕ್ಕೆ ವೆನಿಲ್ಲಾ ಬಳ್ಳಿಗಳನ್ನು ಹಬ್ಬಿಸಿರುತ್ತಾರೆ. ಬೇರು ಕಲ್ಲಿನ ಮೇಲಣ ಎಲೆಗೊಬ್ಬರದಲ್ಲಿ, ಕಾಂಡ ಮರದ ಮೈಮೇಲೆ. ಹೂವಿನ ಕಾಲದಲ್ಲಿ ಬೆಳಗಾಗುತ್ತಲೇ ಬೆಳೆಗಾರರು ಕೈಯಲ್ಲಿ ಒಂದು ಚೂಪು ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಸಾಗುತ್ತಾರೆ. ಕೈ ಪಳಗಿದವರು ಒಂದೇ ಮುಂಜಾನೆಯಲ್ಲಿ ಸಾವಿರಕ್ಕೂ ಹೆಚ್ಚು ಹೂಗಳನ್ನು ಮುಗಿಸುತ್ತಾರಂತೆ. ಬಿಸಿಲೇರಿ ಹೂವು ಬಾಡುವುದರೊಳಗೆ ಮುಗಿಯಬೇಕು. ಪೊರೆಯನ್ನೆತ್ತಿ ಹೆಬ್ಬೆರಳಿನಿಂದ ಒತ್ತುವ ಆ ಕ್ಷಣದ ಕೆಲಸವನ್ನು ಅವರು ತಮ್ಮ ಭಾಷೆಯಲ್ಲಿ ‘ಎಡ್ಮಂಡನ ಕೈಚಳಕ’ ಎಂಬ ಅರ್ಥ ಬರುವಂತೆ ಕರೆಯುತ್ತಾರೆ.